ಚಂದಾ ಎತ್ತಿ ಬಿಡಿಸಿಕೊಂಡ ತಂತ್ರಾಂಶ



ನಮ್ಮ ಪ್ರೆಸ್ಸಿನ ಮೂಲೆಯಲ್ಲಿ ಹಳೆಯ ಕಂಪ್ಯೂಟರೊಂದಿದೆ. ಅದು ಕೆಟ್ಟರೆ ಅದರಲ್ಲಿ ಕಂಪೋಸ್ ಮಾಡಿಟ್ಟ ಕನ್ನಡ ಪುಸ್ತಕಗಳ ಕಥೆ ಮುಗಿದಂತೆ. ಆ ಅಕ್ಷರ ತಂತ್ರಾಂಶ ಮಾರಿದವರು ಅಂಗಡಿ ಮುಚ್ಚಿದರು. ಅದರ ಸೋರ್ಸ್ ಕೋಡೂ ಅವರೊಂದಿಗೇ ಹೋಯಿತು. ದುಡ್ಡು ಕೊಟ್ಟವರು ನಾವು, ಬೀಗದ ಕೈ ಅವರದು!

ಹಾಲೆಂಡಿನಲ್ಲೂ ಹೀಗೇ ಆಗಿತ್ತು. ಬ್ಲೆಂಡರ್ ಎಂಬ ತ್ರೀ-ಡಿ ಚಿತ್ರ ತಂತ್ರಾಂಶದ ಕಂಪನಿ 2002ರಲ್ಲಿ ಬಾಗಿಲು ಹಾಕಿತು. ಅದನ್ನು ಹುಟ್ಟಿಸಿದ ಟಾನ್ ರೂಸೆಂಡಾಲ್ ಅಳುತ್ತಾ ಕೂರಲಿಲ್ಲ. ಒಂದು ಲಕ್ಷ ಯೂರೋ ಕೊಟ್ಟರೆ ಕೋಡ್ ಬಿಟ್ಟುಕೊಡಲು ಹಣ ಹೂಡಿದವರನ್ನು ಒಪ್ಪಿಸಿದ. ಬಳಸುವವರೇ ಚಂದಾ ಎತ್ತಿದರು. ಏಳೇ ವಾರ! ಅಕ್ಟೋಬರ್ 13ರಂದು ಕೋಡ್ ಜಿಪಿಎಲ್ ಪರವಾನಗಿಯಡಿ ಬಯಲಿಗೆ ಬಂತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ತಿದ್ದಿ ಹಂಚಿದವನು ತನ್ನ ತಿದ್ದುಪಡಿಯನ್ನೂ ತೆರೆದಿಡಬೇಕು. ಅದೇ ಬ್ಲೆಂಡರಿನಲ್ಲಿ ತಯಾರಾದ ಲಾಟ್ವಿಯಾದ ‘ಫ್ಲೋ’ ಚಿತ್ರ 2025ರಲ್ಲಿ ಆಸ್ಕರ್ ಗೆದ್ದಿತು.

ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ಬೀದಿ ಬೀದಿ ಚಂದಾ ಎತ್ತುವ ನಮಗೆ ಇದೇನು ದೊಡ್ಡ ಕೆಲಸವೇ? ಇನ್ನು ಕನ್ನಡಿಗರ ತೆರಿಗೆಯಲ್ಲಿ ತಯಾರಾಗುವ ತಂತ್ರಾಂಶಕ್ಕೆ ಚಂದಾವೂ ಬೇಡ. ಕೋಡ್ ಬಯಲಿಗಿಡದ ಗುತ್ತಿಗೆದಾರನ ಬಿಲ್ ಪಾಸ್ ಮಾಡಬೇಡಿ ಎಂದು ಸರ್ಕಾರಕ್ಕೆ ಹೇಳಬೇಕು. ಈ ನವೆಂಬರಿನಲ್ಲೇ, ವೇದಿಕೆಗೆ ಮಂತ್ರಿಗಳು ಬಂದಾಗಲೇ ಹೇಳೋಣ.