ಟೋಪಿ ಹಾಕಿದ್ದು ಯಾರಿಗೆ?

ರಾಕ್ ತಂಡ ಗನ್ಸ್ ಎನ್ ರೋಸಸ್ ಮತ್ತೆ ಒಂದಾದದ್ದು ಬರೀ ದುಡ್ಡಿಗಾಗಿ, ಗಿಟಾರ್ ವಾದಕ ಸ್ಲ್ಯಾಶ್ ಸ್ವಾಭಿಮಾನ ಮಾರಿಕೊಂಡರು ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ದುಡ್ಡಿತ್ತು, ಬೇಕಾದಷ್ಟಿತ್ತು, ಅಲ್ಲವೆಂದವರು ಯಾರು? ಆದರೆ 1996ರಲ್ಲಿ ತಂಡ ಬಿಟ್ಟ ಮನುಷ್ಯ ಕೈಕಟ್ಟಿ ಕೂತಿರಲಿಲ್ಲ. ವೆಲ್ವೆಟ್ ರಿವಾಲ್ವರ್ ತಂಡ ಕಟ್ಟಿದರು, ಗಾಯಕ ಮೈಲ್ಸ್ ಕೆನಡಿ ಜೊತೆ ಊರೂರು ಸುತ್ತಿದರು. 2016ರ ಏಪ್ರಿಲ್‌ನ ಕೋಚೆಲಾ ಸಂಗೀತೋತ್ಸವದ ವೇದಿಕೆ ನೋಡಿ: ಪಾದದ ಮೂಳೆ ಮುರಿದುಕೊಂಡ ಗಾಯಕ ಆಕ್ಸೆಲ್ ರೋಸ್, ಫೂ ಫೈಟರ್ಸ್ ತಂಡದ ಡೇವ್ ಗ್ರೋಲ್ ಕೊಟ್ಟ ಸಿಂಹಾಸನದಲ್ಲಿ ಕೂತು ಹಾಡುತ್ತಿದ್ದರೆ, ಪಕ್ಕದಲ್ಲಿ ಟೋಪಿ ತೊಟ್ಟ ಸ್ಲ್ಯಾಶ್ ತಲೆ ಬಗ್ಗಿಸಿ ನುಡಿಸುತ್ತಿದ್ದರು. ಟೋಪಿ ಹಾಕಿದ್ದು ತನ್ನ ತಲೆಗೆ, ನಮಗಲ್ಲ. ಅದು ಶರಣಾಗತಿ ಎನ್ನುವವರು ಕಿವಿ ಮುಚ್ಚಿಕೊಂಡಿರಬೇಕು. ಬೈಯಲೇಬೇಕಿದ್ದರೆ ತಂಡದ ಹಳೆಯ ಗಿಟಾರ್ ವಾದಕ ಇಜ್ಜಿ ಸ್ಟ್ರಾಡ್ಲಿನ್ ವಿಷಯ ಎತ್ತಬಹುದಿತ್ತು. 1987ರ ಮೊದಲ ಆಲ್ಬಂನ ಹಾಡುಗಳನ್ನು ಜೊತೆಗೂಡಿ ಕಟ್ಟಿದ ಅವರು, ಗಳಿಕೆಯನ್ನು ಸಮಪಾಲು ಮಾಡಲು ತಂಡದವರು ಒಪ್ಪಲಿಲ್ಲವೆಂದು ಹೇಳಿ ಈ ಪುನರ್ಮಿಲನದಿಂದ ಹೊರಗುಳಿದರು. ಕಳೆದ ಸಂಚಿಕೆಯ ಆ ಲೇಖನದಲ್ಲಿ ಅವರ ಹೆಸರೇ ಇಲ್ಲ.