ಬಾಣಂತನ ಒಂದೇ ಸಾಕೆನ್ನುವವರಿಗೆ

ಅರಂತೋಡು, ತೊಡಿಕಾನ, ಸಂಪಾಜೆ ಕಡೆಯ ಬಸುರಿಯರಿಗೆ ಬಾಣಂತಿ ಖಿನ್ನತೆಯ ಬಗ್ಗೆ ಹೆರಿಗೆಗೆ ಮೊದಲೇ ತಿಳಿಸಬೇಕು, ಹೆತ್ತ ಮೇಲೆ ಮನೆಗೆ ಹೋಗಿ ಅವರ ಮನಸ್ಸನ್ನೂ ವಿಚಾರಿಸಬೇಕು ಎಂದರೆ ಬೇಡ ಎನ್ನುವವರು ನಮ್ಮಲ್ಲಿ ಇದ್ದಾರೆ. ಅವರಲ್ಲಿ ಅನೇಕರು ಮನೆಯಲ್ಲಿ ನಾಲ್ಕಾರು ಬಾಣಂತನ ಮಾಡಿದ ಹಿರಿಯ ಹೆಂಗಸರು. ಹಾಗಾಗಿ ಅವರ ಒಂದೊಂದು ಮಾತಿಗೂ ಉತ್ತರ ಕೊಡುವುದು ನ್ಯಾಯ.

"ಅದು ಪೇಟೆಯವರ ಕಾಯಿಲೆ, ನಮ್ಮಲ್ಲಿ ಬಾಣಂತನ ಉಂಟಲ್ಲ" ಎಂಬುದು ಮೊದಲ ಆಕ್ಷೇಪ. ಎಣ್ಣೆ ಹಚ್ಚಿ ಹಂಡೆಯ ಬಿಸಿನೀರಲ್ಲಿ ಮೀಯಿಸುವುದು, ಕಾಳುಮೆಣಸಿನ ಸಾರು, ಲೇಹ್ಯ, ನಲವತ್ತು ದಿನದ ವಿಶ್ರಾಂತಿ ಎಲ್ಲವೂ ಹೆತ್ತ ಮೈಗೆ ಬೇಕಾದ ಆರೈಕೆಯೇ. ಆದರೆ ಬಾಣಂತಿ ಕೋಣೆಗೆ ಬಂದವರು ಏನು ಕೇಳುತ್ತಾರೆ ಗಮನಿಸಿ. "ಮಗು ಯಾರ ಹಾಗೆ ಉಂಟು?" "ಹಾಲು ಸಾಕಾಗ್ತದಾ?" "ಎಷ್ಟು ಕೆ.ಜಿ.?" ತೊಟ್ಟಿಲಿಗೆ ಬಗ್ಗಿ, ಮಗುವಿನ ಕೈಗೆ ದುಡ್ಡು ಇಟ್ಟು, ಚಾ ಕುಡಿದು ಹೋಗುತ್ತಾರೆ. ಗೋಡೆಗೆ ಒರಗಿ ಕೂತವಳನ್ನು "ನಿನಗೆ ಹೇಗೆ ಉಂಟು, ನಿದ್ದೆ ಬರ್ತದಾ?" ಎಂದು ಕೇಳುವವರು ಎಷ್ಟು ಜನ? ಮಗು ಮಲಗಿದರೂ ತನಗೆ ನಿದ್ದೆ ಬರದವಳು, ಮಗುವನ್ನು ಎತ್ತಿಕೊಂಡರೂ ಏನೂ ಅನಿಸದವಳು, ಈ ಮನೆಗೆ ನಾನೇ ಭಾರ ಎಂದುಕೊಂಡವಳು ಅದನ್ನು ತಾನಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ "ಇಂಥ ಚಿನ್ನದಂಥ ಮಗು ಇಟ್ಟುಕೊಂಡು ಅಳುತ್ತಾಳೆ" ಎನ್ನುತ್ತೇವೆ.

ಪೇಟೆಯ ಕಾಯಿಲೆ ಎಂಬುದಕ್ಕೂ ಆಧಾರವಿಲ್ಲ. ನಮ್ಮ ಹಾಗೆ ಕರಾವಳಿಯೇ ಆದ ಗೋವಾದ ಜಿಲ್ಲಾಸ್ಪತ್ರೆಯೊಂದರಲ್ಲಿ ಹೆತ್ತ ತಾಯಂದಿರ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಹೆರಿಗೆಯಾಗಿ ಆರರಿಂದ ಎಂಟು ವಾರದೊಳಗೆ ಶೇ. 23ರಷ್ಟು ಮಂದಿಯಲ್ಲಿ ಖಿನ್ನತೆ ಇತ್ತು. ಕಾರಣಗಳಾಗಿ ಕಂಡದ್ದು ಬಡತನ, ಗಂಡನೊಂದಿಗಿನ ಜಗಳ, ಗಂಡುಮಗು ಬೇಕೆಂದಲ್ಲಿ ಹೆಣ್ಣು ಹುಟ್ಟಿದ್ದು. ಇವುಗಳಲ್ಲಿ ಯಾವುದು ನಮ್ಮ ಊರಲ್ಲಿ ಇಲ್ಲ? ಹಳದಿ ಎಲೆ ರೋಗ ಬಂದು ಅಡಿಕೆ ತೋಟ ಕೈಬಿಟ್ಟ ಮನೆಗಳಲ್ಲಿ ಬಾಣಂತನಕ್ಕೆ ಜನ ಇಡುವುದೇ ಕಷ್ಟವಾಗಿದೆ. ಇನ್ನು ಖಿನ್ನತೆ ನಲವತ್ತನೇ ದಿನಕ್ಕೆ ಮುಗಿಯುವಂಥದ್ದೂ ಅಲ್ಲ. ಹೆತ್ತ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಶುರುವಾಗಬಹುದು. ಎಷ್ಟೋ ಸಲ ತವರು ಬಿಟ್ಟು ಗಂಡನ ಮನೆಗೆ ಬಂದ ಮೇಲೆ, ಯಾರ ಗಮನವೂ ಅವಳ ಮೇಲೆ ಇಲ್ಲದಾಗ.

"ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದ ಹಾಗೆ" ಎಂಬ ಹೆದರಿಕೆ ಎರಡನೆಯದು. ಬಿ.ಪಿ. ನೋಡಿದ್ದರಿಂದ ಯಾರಿಗೂ ಬಿ.ಪಿ. ಬಂದದ್ದಿಲ್ಲ. ಎಡಿನ್‌ಬರೋದಲ್ಲಿ 1987ರಲ್ಲಿ ಸಿದ್ಧವಾದ ಹತ್ತು ಪ್ರಶ್ನೆಗಳ ಪಟ್ಟಿ ಕಳೆದ ಏಳು ದಿನ ಹೇಗಿದ್ದಿರಿ ಎಂದಷ್ಟೇ ಕೇಳುತ್ತದೆ. ಅದನ್ನು ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡದಲ್ಲೇ ಬಳಸಿ ನೋಡಿದ್ದಾರೆ. ಮೊದಲೇ ತಿಳಿದಿದ್ದರೆ ಹೆದರಿಕೆ ಕಡಿಮೆಯೇ ಆಗುತ್ತದೆ. ಹೆತ್ತ ಮೂರು ನಾಲ್ಕನೇ ದಿನ ಸುಮ್ಮನೆ ಅಳು ಬರುವುದು ಸಹಜ, ಎರಡು ವಾರದೊಳಗೆ ತಾನಾಗಿ ಹೋಗುತ್ತದೆ, ಹೋಗದಿದ್ದರೆ ಡಾಕ್ಟರಿಗೆ ಹೇಳಬೇಕು ಎಂದು ತಿಳಿದ ಹುಡುಗಿ ಗಾಬರಿಯಾಗುವುದಿಲ್ಲ.

"ನಾಲ್ಕು ಉಪನ್ಯಾಸ ಕೊಟ್ಟರೆ ಖಿನ್ನತೆ ತಡೆಯಲಿಕ್ಕಾಗುತ್ತದಾ?" ಈ ಮಾತಲ್ಲಿ ಅರ್ಧ ಸತ್ಯವಿದೆ. 28 ಪ್ರಯೋಗಗಳನ್ನು, ಸುಮಾರು 17,000 ತಾಯಂದಿರನ್ನು ಒಟ್ಟಿಗೆ ನೋಡಿದ 2013ರ ಕೊಕ್ರೇನ್ ಸಮೀಕ್ಷೆಯಲ್ಲಿ ತರಗತಿಗಳಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಫಲ ಕೊಟ್ಟದ್ದು ಹೆತ್ತ ಮೇಲಿನ ಮನೆಭೇಟಿ, ಅನುಭವ ಇರುವ ಇನ್ನೊಬ್ಬ ತಾಯಿಯ ಫೋನ್ ಮಾತು, ಸಂಬಂಧಗಳ ತೊಡಕು ಬಿಡಿಸುವ ಆಪ್ತಸಮಾಲೋಚನೆ. ಅದಕ್ಕೇ ನಾನು ಬರೀ ತಿಳಿವಳಿಕೆ ಕಾರ್ಯಕ್ರಮ ಸಾಕು ಎನ್ನುತ್ತಿಲ್ಲ. ವೇದಿಕೆ, ಬ್ಯಾನರು, ಸ್ವಾಗತ ಭಾಷಣ ಬೇಡ. ತಿಳಿಸಿದ ಮೇಲೆ ಮನೆ ಬಾಗಿಲಿಗೆ ಒಬ್ಬರು ಹೋಗಬೇಕು.

ಯಾರು ಹೋಗುವುದು? "ಆಶಾ ಕಾರ್ಯಕರ್ತೆಯರಿಗೆ ಇರುವ ಹೊರೆಯೇ ಸಾಕು" ಎನ್ನುವವರ ಮಾತು ಎಲ್ಲಕ್ಕಿಂತ ಗಟ್ಟಿಯಾದದ್ದು. ಗೌರವಧನಕ್ಕಾಗಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಕೂತದ್ದನ್ನು ನಾವೆಲ್ಲ ನೋಡಿದ್ದೇವೆ. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ಹಣ ಕೊಡಲೇಬೇಕು. ಆದರೆ ಇದಕ್ಕಾಗಿ ಅವರು ಹೊಸದಾಗಿ ಗುಡ್ಡ ಹತ್ತಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ 3, 7, 14, 21, 28 ಮತ್ತು 42ನೇ ದಿನ ಹೇಗೂ ಹೋಗಬೇಕು. ಮಗುವಿನ ತೂಕ, ಜ್ವರ ನೋಡುತ್ತಾರೆ, ತಾಯಿಗೆ ರಕ್ತಸ್ರಾವ ಇದೆಯೇ ಕೇಳುತ್ತಾರೆ. ಅದೇ ಹೊತ್ತಿಗೆ ಅತ್ತೆಯನ್ನು ಸ್ವಲ್ಪ ಆಚೆ ಕಳಿಸಿ ತಾಯಿಯೊಡನೆ ಹತ್ತು ನಿಮಿಷ ಕೂತರೆ ಸಾಕು. ರಾವಲ್ಪಿಂಡಿ ಭಾಗದ ಹಳ್ಳಿಗಳಲ್ಲಿ ಅಲ್ಲಿನ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಬಸುರಿನಲ್ಲೇ ಖಿನ್ನತೆ ಇದ್ದವರ ಮನೆಗೆ ಕಳಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮಗುವಿಗೆ ಆರು ತಿಂಗಳಾಗುವಾಗ ಆ ತಾಯಂದಿರಲ್ಲಿ ಶೇ. 23 ಮಂದಿಗೆ ಮಾತ್ರ ಖಿನ್ನತೆ ಉಳಿದಿತ್ತು. ತರಬೇತಿ ಇಲ್ಲದವರು ಭೇಟಿ ಕೊಟ್ಟ ಕಡೆ ಶೇ. 53. ಆ ಕಾರ್ಯಕರ್ತೆಯರು ಮನೋವೈದ್ಯರಲ್ಲ.

"ಮಾತ್ರೆ ತಿಂದರೆ ಹಾಲು ಕೆಡುತ್ತದೆ, ಮಗುವನ್ನು ಬೇರೆ ಮಾಡುತ್ತಾರೆ" ಎಂಬುದು ಕೊನೆಯದು. ಹೆಚ್ಚಿನವರಿಗೆ ಮಾತ್ರೆ ಇಲ್ಲದೆಯೇ, ಮಾತು ಮತ್ತು ಆಸರೆಯಿಂದಲೇ ಗುಣವಾಗುತ್ತದೆ. ಬೇಕಾದಾಗ ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳೂ ಇವೆ; ವೈದ್ಯರು ನೋಡಿ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗ 2009ರಿಂದ ಇದೆ. ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸಬಾರದೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ಪ್ರತಿ ತಿಂಗಳ 9ರಂದು ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರ ತಪಾಸಣೆ ಇರುತ್ತದೆ. ಏಳನೇ ತಿಂಗಳಲ್ಲಿ ಗಂಡ ಮತ್ತು ಅತ್ತೆ, ಆಗದಿದ್ದರೆ ಅಮ್ಮ, ಅವಳ ಜೊತೆ ಅಲ್ಲಿಗೆ ಬನ್ನಿ. ಹೆತ್ತ ಮೇಲೆ ರಾತ್ರಿ ಮಗು ಅತ್ತರೆ ಯಾರು ಏಳುವುದು, ಅವಳಿಗೆ ನಿದ್ದೆಗೆ ಬಿಡುವು ಮಾಡಿಕೊಡುವವರು ಯಾರು ಎಂದು ಅಲ್ಲೇ ಮಾತಾಡಿಕೊಳ್ಳಿ. ಸಂಶಯ ಬಂದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮನಸ್ ಸಹಾಯವಾಣಿ ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.