ಗುದ್ದಿದವರು ನಿಲ್ಲಬೇಕು

ಕಳೆದ ತಿಂಗಳ ಒಂದು ಶುಕ್ರವಾರ ಅಬ್ಬಾ ಜುಮಾ ನಮಾಜಿಗೆ ಹೋಗುವ ಮುಂಚೆ ತಮ್ಮ ಆಟೋವನ್ನು ನೆಲ್ಯಹುದಿಕೇರಿ ಪೇಟೆಯಲ್ಲಿ ರಸ್ತೆಯ ಅಂಚಿಗೆ ನಿಲ್ಲಿಸಿದ್ದರು. ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಹಿಂದಿನ ಬಲಬದಿಯ ತಗಡು ಒಳಗೆ ಹೋಗಿತ್ತು. ಇಂಡಿಕೇಟರ್ ಪುಡಿಯಾಗಿ ಕೆಳಗೆ ಬಿದ್ದಿತ್ತು. ಗುದ್ದಿದ ಗಾಡಿ ಇರಲಿಲ್ಲ, ನೋಡಿದವರೂ ಇರಲಿಲ್ಲ. ಸುತ್ತ ಅಷ್ಟು ಅಂಗಡಿಗಳಿದ್ದರೂ ಯಾರೂ ನೋಡಿರಲಿಲ್ಲ.

ತಗಡು ಎಳೆದು ಸರಿ ಮಾಡುವುದಕ್ಕೆ, ಬಣ್ಣಕ್ಕೆ, ಇಂಡಿಕೇಟರಿಗೆ ಸೇರಿ 4,200 ರೂಪಾಯಿ ಆಯಿತು. ಆಟೋ ಎರಡು ದಿನ ಗ್ಯಾರೇಜಿನಲ್ಲಿತ್ತು. ಅಬ್ಬಾ ತಮ್ಮ ಡೈರಿಯಲ್ಲಿ ‘ರಿಪೇರಿ 4,200’ ಎಂದು ಬರೆದರು. ಎರಡು ದಿನದ ಬಾಡಿಗೆ ಕೈತಪ್ಪಿದ್ದನ್ನು ಬರೆಯಲಿಲ್ಲ. ಅದಕ್ಕೆ ಬಿಲ್ ಇಲ್ಲವಲ್ಲ.

ಅವತ್ತು ಎಲ್ಲರೂ ಹೇಳಿದ್ದು ಒಂದೇ ಮಾತು: “ಟೂರಿಸ್ಟ್ ಗಾಡಿ ಇರಬೇಕು.” ವಾರದ ಕೊನೆಗೆ ದುಬಾರೆಗೆ, ಮಡಿಕೇರಿಗೆ ಬರುವ ಕಾರುಗಳು ನಮ್ಮ ಸಣ್ಣ ರಸ್ತೆಗಳಲ್ಲಿ ಹೇಗೆ ಓಡುತ್ತವೆ ಎಂದು ಕೊಡಗಿನವರಿಗೆ ಹೇಳಬೇಕಾಗಿಲ್ಲ. ನಾನೂ ತಲೆಯಾಡಿಸಿದೆ. ಆದರೆ ತಲೆಯಾಡಿಸುವಾಗ ನನ್ನ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಯಿತು. ಏಕೆಂದರೆ ಅದಕ್ಕೆ ಮೂರು ವಾರ ಮೊದಲು ನಾನೇ ಹಾಗೆ ಓಡಿಹೋಗಿದ್ದೆ.

ಅದನ್ನು ಹೇಳಿಬಿಡುತ್ತೇನೆ. ಹೊಳೆಯ ಆಚೆ ಸಿದ್ದಾಪುರದಲ್ಲಿ, ನನ್ನ ಗೆಳೆಯ ಸ್ಕೂಟರ್ ಓಡಿಸುತ್ತಿದ್ದ, ನಾನು ಹಿಂದೆ ಕೂತಿದ್ದೆ. ಅವನು ಇಕ್ಕಟ್ಟಿನಲ್ಲಿ ತಿರುಗಿಸುವಾಗ ಹ್ಯಾಂಡಲ್ ತಾಗಿ, ನಿಲ್ಲಿಸಿದ್ದ ಒಂದು ಬಿಳಿ ಕಾರಿನ ಪಕ್ಕದ ಕನ್ನಡಿ ಒಡೆಯಿತು. ಅವನು ಬ್ರೇಕ್ ಹಿಡಿದ. “ಚಲ್, ಚಲ್” ಎಂದು ಅವನ ಬೆನ್ನು ತಟ್ಟಿದವನು ನಾನು. ಸೇತುವೆ ದಾಟಿ ಈ ಕಡೆ ಬಂದ ಮೇಲೆ ಇಬ್ಬರೂ ನಕ್ಕೆವು. ಮನೆಗೆ ಹೋಗಿ ಊಟ ಮಾಡಿದೆ. ನಿದ್ದೆಯೂ ಬಂತು. ನನ್ನ ಮನೆಯ ಆಟೋಗೆ ಯಾರೋ ಗುದ್ದಿ ಹೋಗುವ ತನಕ ಆ ಕನ್ನಡಿ ನನಗೆ ನೆನಪಿಗೇ ಬರಲಿಲ್ಲ. ಅವನು ಹೊರಗಿನವನಲ್ಲ, ನಾನೂ ಅಲ್ಲ. ನಾವು ಇದೇ ಕಾಲೇಜಿನವರು.

ಚಲಿಸುವ ಎರಡು ಗಾಡಿಗಳು ಗುದ್ದಿಕೊಂಡರೆ ತಪ್ಪು ಯಾರದೆಂದು ಜಗಳವಾಡಬಹುದು. ನಿಂತ ಗಾಡಿಯ ವಿಷಯದಲ್ಲಿ ಅಂಥ ಜಗಳಕ್ಕೆ ಬಹಳ ಸಲ ಜಾಗವೇ ಇಲ್ಲ. ಅದು ಅಲ್ಲಾಡಲಿಲ್ಲ, ಅದರ ಮಾಲೀಕ ಅಲ್ಲಿಲ್ಲ. ತಪ್ಪು ಮಾಡಿದವನೊಬ್ಬನೇ ಅಲ್ಲಿರುವುದು. ತೀರ್ಪು ಕೊಡುವವನೂ ಅವನೇ. ಹಾಗಾಗಿ ಹೆಚ್ಚಿನವರು ತಮ್ಮ ಕಡೆಗೇ ತೀರ್ಪು ಕೊಟ್ಟುಕೊಂಡು ಹೊರಡುತ್ತಾರೆ.

ನಮ್ಮ ಕಡೆ ಕಾಡಾನೆ ರಾತ್ರಿ ಬಂದು ನಿಲ್ಲಿಸಿದ ಕಾರನ್ನು ಜಖಂ ಮಾಡಿದರೆ ಊರಿಗೆ ಊರೇ ಸೇರುತ್ತದೆ. ಅರಣ್ಯ ಇಲಾಖೆಗೆ ಫೋನ್ ಹೋಗುತ್ತದೆ, ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಮನುಷ್ಯ ಅದನ್ನೇ ಮಾಡಿದರೆ “ಹೋಗಲಿ ಬಿಡಿ, ಗಾಡಿ ಅಂದಮೇಲೆ ಇದೆಲ್ಲ ಇದ್ದದ್ದೇ” ಎನ್ನುತ್ತೇವೆ. ಆನೆಗೆ ತಾನು ಮಾಡಿದ್ದು ಗೊತ್ತಿಲ್ಲ, ಹೆಸರು ಬರೆದಿಟ್ಟು ಹೋಗಲು ಬರುವುದಿಲ್ಲ. ನಮಗೆ ಎರಡೂ ಬರುತ್ತದೆ.

ಕಾನೂನು ಈ ವಿಷಯದಲ್ಲಿ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 134 ಜನರಿಗೆ ಗಾಯವಾದಾಗ ಮಾತ್ರ ಅನ್ವಯಿಸುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಬೇರೆಯವರ ಆಸ್ತಿಗೆ ಹಾನಿಯಾದರೂ ಅದು ಅನ್ವಯಿಸುತ್ತದೆ. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಚಾಲಕ ಆದಷ್ಟು ಬೇಗ, ತಡವೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ಹೋಗಿ ನಡೆದದ್ದನ್ನು ತಿಳಿಸಬೇಕು. ತನ್ನ ವಿಮಾ ಕಂಪನಿಗೂ ಬರೆದು ತಿಳಿಸಬೇಕು. ಸೆಕ್ಷನ್ 132ರ ಪ್ರಕಾರ ಹಾನಿಗೊಳಗಾದವರು ಕೇಳಿದರೆ ತನ್ನ ಹೆಸರು, ವಿಳಾಸ ಮತ್ತು ಗಾಡಿಯ ಮಾಲೀಕರ ಹೆಸರು, ವಿಳಾಸ ಕೊಡಬೇಕು. ಸೆಕ್ಷನ್ 134ನ್ನು ಪಾಲಿಸದೆ ಹೋದವರಿಗೆ ಸೆಕ್ಷನ್ 187ರಲ್ಲಿ ಶಿಕ್ಷೆ ಇದೆ. 2019ರ ತಿದ್ದುಪಡಿಯ ನಂತರ ಅದು ಆರು ತಿಂಗಳವರೆಗೆ ಜೈಲು, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ತಗಡು ಒಳಗೆ ಹೋಗುವಂತೆ ಗುದ್ದಿದ್ದು ಅಜಾಗರೂಕತೆ ಇರಬಹುದು, ಹೇಳದೆ ಹೋದದ್ದು ಅದರ ಮೇಲೆ ಮತ್ತೊಂದು ತಪ್ಪು.

ವಿಮೆಯ ಬಗ್ಗೆಯೂ ಇಂಥದೇ ತಪ್ಪು ತಿಳಿವಳಿಕೆ ಇದೆ. ಪ್ರತಿಯೊಂದು ಗಾಡಿಗೂ ಕಡ್ಡಾಯವಾಗಿರುವ ಥರ್ಡ್ ಪಾರ್ಟಿ ವಿಮೆ ಸಾವು, ಗಾಯಕ್ಕೆ ಮಾತ್ರ ಅಲ್ಲ, ಬೇರೆಯವರ ಆಸ್ತಿಗಾದ ಹಾನಿಗೂ ಇದೆ. ಕಾರುಗಳಿಗೆ ಇದರ ಮಿತಿ ಸಾಮಾನ್ಯವಾಗಿ 7.5 ಲಕ್ಷ ರೂಪಾಯಿವರೆಗೆ. ಗುದ್ದಿದವನು ನಿಂತಿದ್ದರೆ, ಅಬ್ಬಾರ ನಷ್ಟವನ್ನು ಅವನ ವಿಮೆಯಿಂದ ಕೇಳಲು ದಾರಿಯಾದರೂ ಇರುತ್ತಿತ್ತು. ಅವನು ಹೋದ ಕಾರಣ ಆ ದಾರಿ ಮುಚ್ಚಿತು. ಅಬ್ಬಾರ ಆಟೋಗೆ ಇರುವುದೂ ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ಸ್ವಂತ ಗಾಡಿಯ ರಿಪೇರಿಗೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ.

“ಪೂರ್ತಿ ವಿಮೆ ಇರುವ ಕಾರಿನವರಿಗೆ ಏನು ನಷ್ಟ? ಕಂಪನಿ ಕೊಡುತ್ತದಲ್ಲ” ಎಂದು ನನ್ನ ತರಗತಿಯಲ್ಲೇ ಒಬ್ಬರು ಕೇಳಿದರು. ನಾವು ವಾಣಿಜ್ಯ ವಿಭಾಗದವರು, ಲೆಕ್ಕ ಹಾಕಿಯೇ ನೋಡೋಣ. ಒಂದು ವರ್ಷ ಕ್ಲೈಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ 20 ಶೇಕಡಾ ರಿಯಾಯಿತಿ ಸಿಗುತ್ತದೆ. ವರ್ಷ ವರ್ಷವೂ ಅದು 25, 35, 45, ಕೊನೆಗೆ 50 ಶೇಕಡಾ ಆಗುತ್ತದೆ. ಇದಕ್ಕೆ ನೋ ಕ್ಲೈಮ್ ಬೋನಸ್ ಎನ್ನುತ್ತಾರೆ. ಒಮ್ಮೆ ಕ್ಲೈಮ್ ಮಾಡಿದರೆ ಮತ್ತೆ ಸೊನ್ನೆಯಿಂದ ಶುರು. ಉದಾಹರಣೆಗೆ, ಒಬ್ಬರ ಸ್ವಂತ ಹಾನಿಯ ಪ್ರೀಮಿಯಂ 6,000 ರೂಪಾಯಿ, ಮುಂದಿನ ವರ್ಷ ಅವರಿಗೆ 45 ಶೇಕಡಾ ರಿಯಾಯಿತಿ ಸಿಗಬೇಕು ಎಂದಿಟ್ಟುಕೊಳ್ಳಿ. ಅಂದರೆ 2,700 ರೂಪಾಯಿ. ಯಾರೋ ಗುದ್ದಿ ಹೋಗಿ 3,000 ರೂಪಾಯಿಯ ರಿಪೇರಿ ಬಂತು. ಸಣ್ಣ ಕಾರಿನ ಕ್ಲೈಮಿನಲ್ಲಿ ಮೊದಲ 1,000 ರೂಪಾಯಿಯನ್ನು ಮಾಲೀಕರೇ ಹಾಕಬೇಕು. ಕಂಪನಿಯಿಂದ ಸಿಗುವುದು 2,000. ಅದಕ್ಕಾಗಿ ಕಳೆದುಕೊಳ್ಳುವುದು 2,700. ಅದಕ್ಕೇ ಸಣ್ಣ ಹಾನಿಗೆ ಬುದ್ಧಿವಂತರು ಕ್ಲೈಮ್ ಮಾಡುವುದೇ ಇಲ್ಲ, ಜೇಬಿನಿಂದ ಕೊಡುತ್ತಾರೆ. ನಾವು ‘ಕಂಪನಿ ಕೊಡುತ್ತದೆ’ ಎಂದು ಸಮಾಧಾನ ಮಾಡಿಕೊಳ್ಳುವ ಹಣವನ್ನು ಕಂಪನಿ ಕೊಡುವುದಿಲ್ಲ, ಆ ಮನೆಯವರು ಕೊಡುತ್ತಾರೆ.

ಹಾಗಿದ್ದರೆ ಕಾನೂನಿದ್ದರೂ ಏಕೆ ಏನೂ ಆಗುವುದಿಲ್ಲ? ಮೊತ್ತ ಸಣ್ಣದು, ಅದಕ್ಕೆ. 4,200 ರೂಪಾಯಿಗಾಗಿ ಯಾವ ಆಟೋ ಚಾಲಕ ಬಾಡಿಗೆ ಬಿಟ್ಟು ಠಾಣೆಗೂ ಕೋರ್ಟಿಗೂ ಅಲೆಯುತ್ತಾನೆ? ಗುದ್ದಿ ಹೋಗುವವರಿಗೂ ಇದು ಗೊತ್ತು. ಕೈ ಮುರಿದರೆ ಕೇಸ್ ಆಗುತ್ತದೆ, ಕನ್ನಡಿ ಮುರಿದರೆ ಆಗುವುದಿಲ್ಲ. ಇಲ್ಲಿ ಕೆಲಸ ಮಾಡುವುದು ಒಂದೇ: ವೈಪರ್ ಕೆಳಗೆ ಸಿಕ್ಕಿಸಿಟ್ಟ ಒಂದು ಚೀಟಿ. ‘ನಿಮ್ಮ ಗಾಡಿಗೆ ನನ್ನಿಂದ ತಾಗಿತು, ನನ್ನ ನಂಬರ್ ಇದು.’ ಇಷ್ಟೇ ಸಾಕು.

ನಮ್ಮ ಲೆಕ್ಕಶಾಸ್ತ್ರದ ಪುಸ್ತಕದಲ್ಲಿ ಆಸ್ತಿಯ ಎದುರು ಬರೆಯುವ ಪದ ‘ಹೊಣೆಗಾರಿಕೆ’. ಇಷ್ಟು ದಿನ ಅದನ್ನು ಬ್ಯಾಲೆನ್ಸ್ ಶೀಟಿನ ಪದವೆಂದು ಮಾತ್ರ ಓದಿದ್ದೆ. ಕನ್ನಡದಲ್ಲಿ ಸಾಲಕ್ಕೂ ಜವಾಬ್ದಾರಿಗೂ ಆ ಒಂದೇ ಪದ ಸಲ್ಲುತ್ತದೆ ಎಂದು ಈಗ ಹೊಳೆಯಿತು. ಪುಸ್ತಕದಲ್ಲಿ ಬರೆಯದೆ ಬಿಟ್ಟ ಮಾತ್ರಕ್ಕೆ ಸಾಲ ತೀರುವುದಿಲ್ಲ. ಲೆಕ್ಕ ಸುಳ್ಳಾಗುತ್ತದೆ, ಅಷ್ಟೇ.

ನನ್ನ ದಾದಿ ಇದನ್ನೇ ಬೇರೆ ರೀತಿ ಹೇಳುತ್ತಾರೆ. ಅಲ್ಲಾಹನ ಹಕ್ಕಿನಲ್ಲಿ ತಪ್ಪಿದ್ದಕ್ಕೆ ಅಲ್ಲಾಹನಲ್ಲಿ ತೌಬಾ ಮಾಡಬಹುದು. ಮನುಷ್ಯರ ಹಕ್ಕು, ಹುಕೂಕುಲ್ ಇಬಾದ್, ಹಾಗಲ್ಲ. ಅದನ್ನು ಆ ಮನುಷ್ಯನಿಗೇ ತೀರಿಸಬೇಕು, ಇಲ್ಲವೇ ಅವನೇ ಮಾಫ್ ಮಾಡಬೇಕು. ನಮ್ಮ ಕಾಲೇಜಿನಲ್ಲಿ ಓದುವ ಬೇರೆ ಮನೆಗಳ ಗೆಳೆಯರು ಇದನ್ನು ಋಣ ಎನ್ನುತ್ತಾರೆ. ಪದ ಬೇರೆ, ಬಾಕಿ ಒಂದೇ. ಯೋಚಿಸಿ ನೋಡಿ: ಗುದ್ದಿ ಹೆಸರು ಹೇಳದೆ ಹೋದವನನ್ನು ಅಬ್ಬಾ ಮಾಫ್ ಮಾಡಬೇಕೆಂದರೂ ಯಾರನ್ನು ಮಾಫ್ ಮಾಡುವುದು?

ನಿಲ್ಲದೆ ಹೋಗುವವರೆಲ್ಲ ಕೆಟ್ಟವರಲ್ಲ, ಹೆಚ್ಚಿನವರು ಹೆದರಿದವರು. ಆ ಹೆದರಿಕೆಗೂ ಕಾರಣಗಳಿವೆ. ಪೇಟೆಯಲ್ಲಿ ನಿಂತರೆ ಕ್ಷಣದಲ್ಲಿ ಇಪ್ಪತ್ತು ಜನ ಸೇರುತ್ತಾರೆ, ಬೈಗುಳ ಶುರುವಾಗುತ್ತದೆ. ಐನೂರು ರೂಪಾಯಿಯ ಗೀರಿಗೆ ಐದು ಸಾವಿರ ಕೇಳುವವರಿದ್ದಾರೆ. ಹಳೆಯ ಗೀರುಗಳನ್ನೆಲ್ಲ ಹೊಸ ಬಿಲ್ಲಿಗೆ ಸೇರಿಸುವವರೂ ಇದ್ದಾರೆ. ಆದ್ದರಿಂದ ಗಾಡಿಯ ಮಾಲೀಕರಿಗೂ ಒಂದು ಮಾತು: ನಿಂತವನನ್ನು ಕಳ್ಳನ ಹಾಗೆ ನೋಡಬೇಡಿ. ಗ್ಯಾರೇಜಿನ ಬಿಲ್ ತೋರಿಸಿ, ಅಷ್ಟೇ ತೆಗೆದುಕೊಳ್ಳಿ. ಒಬ್ಬ ನಿಂತವನಿಗೆ ಅವಮಾನವಾದರೆ, ಅದನ್ನು ನೋಡಿದ ಹತ್ತು ಜನ ಮುಂದೆ ನಿಲ್ಲುವುದಿಲ್ಲ.

“ಅವರು ತಿರುವಿನಲ್ಲಿ ಅಡ್ಡ ನಿಲ್ಲಿಸಿದ್ದರು” ಎನ್ನುವವರಿಗೂ ಉತ್ತರ ಕೊಡಬೇಕು. ನಿಜ, ಬಸ್ಸು ಸುತ್ತುವ ಜಾಗದಲ್ಲಿ ಕಾರು ನಿಲ್ಲಿಸಿ ಮೀನು ತರಲು ಹೋಗುವವರು ನಮ್ಮಲ್ಲಿ ಬಹಳ. ಅದು ಅವರ ತಪ್ಪು, ಅದನ್ನು ಅವರ ಮುಖಕ್ಕೆ ಹೇಳಬಹುದು. ಆದರೆ ಮುಖಕ್ಕೆ ಹೇಳಬೇಕಾದರೂ ನಾವು ಅಲ್ಲಿ ನಿಲ್ಲಲೇಬೇಕಲ್ಲ.

ಇನ್ನು ನಮ್ಮ ವಯಸ್ಸಿನವರ ಹೆದರಿಕೆ. ಇದನ್ನು ಬರೆದರೆ ಗೆಳೆಯರಿಗೆ ಸಿಟ್ಟು ಬರುತ್ತದೆ, ಬರಲಿ. ಹದಿನಾರು ತುಂಬಿದವರಿಗೆ ಕಾನೂನು ಬಿಡುವುದು 50 ಸಿಸಿ ಮೀರದ ಗಾಡಿಯನ್ನು ಮಾತ್ರ. ನಾವು ತರುವ ಸ್ಕೂಟರುಗಳು ಅದಕ್ಕಿಂತ ದೊಡ್ಡವು, ಅವಕ್ಕೆ ಹದಿನೆಂಟು ತುಂಬಿರಬೇಕು. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಸೆಕ್ಷನ್ 199ಎ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಾಗಬಹುದು. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದಾಗುತ್ತದೆ. ಲೈಸೆನ್ಸ್ ಇಲ್ಲದವನು ಓಡಿಸಿದ್ದರೆ ವಿಮಾ ಕಂಪನಿ ತಾನು ಕೊಟ್ಟ ಹಣವನ್ನು ಗಾಡಿಯ ಮಾಲೀಕರಿಂದಲೇ ವಸೂಲಿ ಮಾಡಬಹುದು. ನಾವು ಸಿದ್ದಾಪುರದಲ್ಲಿ ಓಡಿದ್ದಕ್ಕೆ ನಿಜವಾದ ಕಾರಣ ಕನ್ನಡಿಯ ಬೆಲೆ ಅಲ್ಲ, ಇದೇ. ಓಡಿಸಲು ಹಕ್ಕಿಲ್ಲದವನಿಗೆ ನಿಲ್ಲಲು ಧೈರ್ಯವೂ ಇರುವುದಿಲ್ಲ. ಅದಕ್ಕೆ ಮೊದಲ ಪರಿಹಾರ, ಲೈಸೆನ್ಸ್ ಬರುವ ತನಕ ಬಸ್ಸಿನಲ್ಲಿ ಬರುವುದು.

ಅಬ್ಬಾರ ಆಟೋ ಗ್ಯಾರೇಜಿನಿಂದ ಬಂದ ನಂತರದ ಭಾನುವಾರ ನಾನು ಸಿದ್ದಾಪುರಕ್ಕೆ ಹೋದೆ. ಗೆಳೆಯನನ್ನು ಕರೆದೆ, ಅವನು ಬರಲಿಲ್ಲ. ಕಾರು ನಿಂತಿದ್ದ ಜಾಗದ ಎದುರಿನ ಚಹಾ ಅಂಗಡಿಯ ಕಾಕನ ಹತ್ತಿರ, “ಕಾಕ, ಒಂದು ತಿಂಗಳ ಹಿಂದೆ ಇಲ್ಲಿ ಒಂದು ಬಿಳಿ ಕಾರಿನ ಕನ್ನಡಿ...” ಎಂದು ಶುರು ಮಾಡಿದೆ. ಅವರು ಗ್ಲಾಸ್ ತೊಳೆಯುತ್ತಲೇ, “ನೀನು ಹಿಂದೆ ಕೂತಿದ್ದವನಲ್ವಾ?” ಎಂದರು. ಅವರು ಎಲ್ಲವನ್ನೂ ನೋಡಿದ್ದರು. ಮಾಲೀಕರು ಕೇಳಿದಾಗ ಹೇಳಿರಲಿಲ್ಲ. “ಮಕ್ಕಳು, ಯಾಕೆ ತೊಂದರೆ ಅಂತ ಸುಮ್ಮನಾದೆ” ಎಂದರು. ನಮ್ಮ ಪೇಟೆಯಲ್ಲೂ ಯಾರೋ ಹೀಗೇ ಸುಮ್ಮನಾಗಿರಬೇಕು ಎಂದು ನನಗೆ ಅನ್ನಿಸಿತು.

ಕಾರು ಹತ್ತಿರದ ಒಂದು ತೋಟದ ರೈಟರ್ ಅವರದು. ಕಾಕ ಫೋನ್ ಮಾಡಿ ಕೊಟ್ಟರು. ಕನ್ನಡಿಗೆ 900 ರೂಪಾಯಿ ಆಗಿತ್ತು. ನನ್ನ ಹತ್ತಿರ 500 ಇತ್ತು, ಕೊಟ್ಟೆ. ಉಳಿದದ್ದನ್ನು ಮುಂದಿನ ತಿಂಗಳು ಕೊಡುತ್ತೇನೆ ಎಂದೆ. ಅವರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. “ಅವತ್ತೇ ಹೇಳಬಹುದಿತ್ತಲ್ಲ ಮಾರಾಯ, ಆ ದಿನ ಕತ್ತಲೆಯಲ್ಲಿ ಕನ್ನಡಿ ಇಲ್ಲದೆ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ” ಎಂದರು. ಕನ್ನಡಿ ಎಂದರೆ ಬರೀ ಗಾಜು ಎಂದುಕೊಂಡಿದ್ದ ನನಗೆ ಉತ್ತರ ಸಿಗಲಿಲ್ಲ.

ನಮ್ಮ ಕಾಲೇಜಿನ ಅಂಗಳದಲ್ಲೂ ಉಪನ್ಯಾಸಕರ ಕಾರುಗಳ ಮೇಲೆ ಯಾರೂ ಒಪ್ಪಿಕೊಳ್ಳದ ಗೀರುಗಳಿವೆ. ಪ್ರಾಂಶುಪಾಲರಿಗೆ ನನ್ನದೊಂದು ವಿನಂತಿ. ಗೇಟಿನ ಹತ್ತಿರ ಒಂದು ನೋಟ್‌ಬುಕ್ ಇಡೋಣ. ಯಾರಿಂದ ಯಾವ ಗಾಡಿಗೆ ತಾಗಿತು ಎಂದು ತಾಗಿಸಿದವರೇ ಅಂದೇ ಬರೆಯಲಿ. ಅಂದೇ ಬರೆದವರನ್ನು ಅಸೆಂಬ್ಲಿಯಲ್ಲಿ ನಿಲ್ಲಿಸುವುದು ಬೇಡ, ರಿಪೇರಿಯ ಹಣವನ್ನು ಬೇಕಾದರೆ ಕಂತಿನಲ್ಲಿ ಕೊಡಲಿ. ಬರೆಯದೆ ಸಿಕ್ಕಿಬಿದ್ದವರಿಗೆ ಮನೆಯವರನ್ನು ಕರೆಸಿ. ನೋಡಿಯೂ ಸುಮ್ಮನಿದ್ದವರು ಕಾಕನ ಮಾತನ್ನು ನೆನಪಿಸಿಕೊಳ್ಳಲಿ.

ನನ್ನ ಲೆಕ್ಕದಲ್ಲಿ ಇನ್ನೂ 400 ಬಾಕಿ ಇದೆ. ಅಬ್ಬಾರ ಆಟೋಗೆ ಗುದ್ದಿದವರು ಇದನ್ನು ಓದುತ್ತಿದ್ದರೆ, ನಮ್ಮ ಮನೆ ಹುಡುಕುವುದು ಕಷ್ಟವಲ್ಲ. ಆಟೋ ಸ್ಟ್ಯಾಂಡಿನಲ್ಲಿ ಕೇಳಿದರೆ ಸಾಕು.